ದಂಡ-ಬಸ್ಕಿ ಎರಡೇ ಸಾಲದು: ಮೈಭಾರದ ವ್ಯಾಯಾಮ ಶುರು ಮಾಡುವವರಿಗೆ ಆರು ಮೂಲ ಚಲನೆಗಳ ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಸಾಮು ಎಂದ ಕೂಡಲೇ ನೆನಪಾಗುವುದು ದಂಡ ಮತ್ತು ಬಸ್ಕಿ. ಎರಡೂ ಅಪ್ಪಟ ವ್ಯಾಯಾಮಗಳು, ಅನುಮಾನ ಬೇಡ. ಆದರೆ ದಂಡದಲ್ಲಿ ದಬ್ಬುತ್ತೇವೆ, ಬಸ್ಕಿಯಲ್ಲಿ ಕೂತು ಏಳುತ್ತೇವೆ. ಜಗ್ಗುವ ಕೆಲಸ, ಟೊಂಕದಿಂದ ಬಾಗಿ ಏಳುವ ಕೆಲಸ ಇವೆರಡರಲ್ಲಿ ಬರುವುದೇ ಇಲ್ಲ. ಗರಡಿ ಮನೆಯ ಪೈಲ್ವಾನರಿಗೆ ಈ ಕೊರತೆ ಕಾಡುತ್ತಿರಲಿಲ್ಲ. ಅವರು ಹಗ್ಗ ಏರುತ್ತಿದ್ದರು, ಮಲ್ಲಕಂಬ ಹತ್ತುತ್ತಿದ್ದರು, ಗುದ್ದಲಿ ಹಿಡಿದು ಅಖಾಡದ ಮಣ್ಣು ಅಗೆಯುತ್ತಿದ್ದರು, ಮೇಲಿಂದ ಕುಸ್ತಿಯಲ್ಲಿ ಜೊತೆಗಾರನನ್ನು ದಿನವೂ ಜಗ್ಗುತ್ತಿದ್ದರು. ಇವತ್ತು ಮನೆಯ ಪಡಸಾಲೆಯಲ್ಲಿ ವ್ಯಾಯಾಮ ಮಾಡುವವರು ಅದೆಲ್ಲವನ್ನೂ ಬಿಟ್ಟು ದಂಡ-ಬಸ್ಕಿಯನ್ನಷ್ಟೇ ಉಳಿಸಿಕೊಂಡಿದ್ದಾರೆ. ಎದೆ ಮತ್ತು ತೊಡೆಯ ಮುಂಭಾಗ ಗಟ್ಟಿಯಾಗುತ್ತವೆ, ಬೆನ್ನಿನ ಮೇಲ್ಭಾಗ ಮತ್ತು ತೊಡೆಯ ಹಿಂಭಾಗ ಹಿಂದೆ ಬೀಳುತ್ತವೆ.

ಆದ್ದರಿಂದ ಈ ಮಾರ್ಗದರ್ಶಿಯ ಲೆಕ್ಕ ಸರಳ: ಎಷ್ಟು ದಬ್ಬುತ್ತೀರೋ ಅಷ್ಟು ಜಗ್ಗಿ, ಎಷ್ಟು ಬಸ್ಕಿ ಹೊಡೆಯುತ್ತೀರೋ ಅಷ್ಟು ಟೊಂಕದ ಕೆಲಸ ಮಾಡಿ. ಕಲಿಯಬೇಕಾದ ಚಲನೆಗಳು ಆರು: ಕೂತೇಳುವುದು, ಟೊಂಕದಿಂದ ಬಾಗುವುದು, ಒಂಟಿಗಾಲಿನ ಕೆಲಸ, ದಬ್ಬುವುದು, ಜಗ್ಗುವುದು, ನಡುವನ್ನು ಬಿಗಿ ಹಿಡಿಯುವುದು.

ಶುರು ಮಾಡುವ ಮುನ್ನ

ಜಾಗ ಆರಡಿ ಉದ್ದ, ನಾಲ್ಕಡಿ ಅಗಲ ಇದ್ದರೆ ಸಾಕು. ಫರ್ಸಿ ಅಥವಾ ಟೈಲ್ಸ್ ಮೇಲೆ ಜಮಖಾನೆ ಹಾಸಿದರೆ ಅದು ಜಾರುತ್ತದೆ. ಕಾಲಿನ ವ್ಯಾಯಾಮವನ್ನು ಬರೀ ನೆಲದ ಮೇಲೆ ಬರಿಗಾಲಲ್ಲಿ ಮಾಡಿ, ಮಲಗಿ ಮಾಡುವುದಕ್ಕಷ್ಟೇ ಹಾಸಿಕೊಳ್ಳಿ. ಹೊಟ್ಟೆ ತುಂಬ ಊಟವಾಗಿದ್ದರೆ ಎರಡು ತಾಸು ಬಿಡಿ. ಏಪ್ರಿಲ್-ಮೇ ತಿಂಗಳಲ್ಲಿ ಬೆಳಿಗ್ಗೆ ಏಳರೊಳಗೆ ಮುಗಿಸುವುದು ಒಳ್ಳೆಯದು. ಸಂಜೆ ಆರಕ್ಕೂ ತಾರಸಿ ಕಾದ ಹಂಚಿನಂತಿರುತ್ತದೆ.

ಮೈ ಬೆಚ್ಚಗಾಗಲು ಐದರಿಂದ ಎಂಟು ನಿಮಿಷ ಕೊಡಿ. ಎರಡು ನಿಮಿಷ ಚುರುಕಾಗಿ ನಡಿಗೆ ಅಥವಾ ನಿಂತಲ್ಲೇ ಓಟ, ತೋಳನ್ನು ಹಿಂದಕ್ಕೂ ಮುಂದಕ್ಕೂ ಹತ್ತತ್ತು ಸಲ ತಿರುಗಿಸುವುದು, ಕೈಕಾಲೂರಿ ಬೆನ್ನನ್ನು ಗೂನು ಮಾಡಿ ಮತ್ತೆ ತಗ್ಗಿಸುವುದು ಎಂಟು ಸಲ, ಗೋಡೆ ಹಿಡಿದು ಕಾಲನ್ನು ಹಿಂದೆ ಮುಂದೆ ಬೀಸುವುದು ಹತ್ತು ಸಲ. ಒಂದೇ ಭಂಗಿಯಲ್ಲಿ ನಿಮಿಷಗಟ್ಟಲೆ ಜಗ್ಗಿ ಹಿಡಿಯುವ ಸ್ಟ್ರೆಚಿಂಗ್ ಈಗ ಬೇಡ, ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಹೃದಯದ ತೊಂದರೆ, ಹತೋಟಿಗೆ ಬಾರದ ಬಿಪಿ, ಬೆನ್ನಿನಿಂದ ಕಾಲಿಗೆ ಇಳಿಯುವ ನೋವು, ಇತ್ತೀಚೆಗೆ ಆದ ಆಪರೇಷನ್, ಗರ್ಭ ಇವುಗಳಲ್ಲಿ ಯಾವುದಿದ್ದರೂ ಮೊದಲು ಡಾಕ್ಟರನ್ನು ಕೇಳಿ.

1. ಕೂತೇಳುವುದು

ನೆಲದ ಮೇಲೆ ಕೂತು ಊಟ ಮಾಡುವ, ಕುಕ್ಕರಗಾಲಲ್ಲಿ ಕೂರುವ ರೂಢಿ ಉಳಿಸಿಕೊಂಡವರಿಗೆ ಇದು ಬೇಗ ಒಲಿಯುತ್ತದೆ. ಹತ್ತಾರು ವರ್ಷ ಕುರ್ಚಿಯ ಮೇಲೇ ಕಳೆದವರು ಕುರ್ಚಿಯಿಂದಲೇ ಶುರು ಮಾಡಲಿ.

ಪಾದಗಳು ಭುಜದಷ್ಟು ಅಗಲವಿರಲಿ, ಬೆರಳುಗಳು 15ರಿಂದ 30 ಡಿಗ್ರಿ ಹೊರಮುಖವಾಗಿರಲಿ. ಕೈ ಮುಂದೆ ಚಾಚಿ. ಉಸಿರು ಒಳಗೆ ಎಳೆದು ಹೊಟ್ಟೆ ಬಿಗಿ ಮಾಡಿ. ಟೊಂಕ ಮತ್ತು ಮೊಣಕಾಲನ್ನು ಒಟ್ಟಿಗೇ ಮಡಚುತ್ತ ಮೂರು ಎಣಿಸುವಷ್ಟು ನಿಧಾನವಾಗಿ ಇಳಿಯಿರಿ. ತೊಡೆ ನೆಲಕ್ಕೆ ಸಮಾನಾಂತರವಾದಾಗ ಒಂದು ಕ್ಷಣ ನಿಂತು, ಪಾದದ ನಡುಭಾಗದಿಂದ ನೆಲವನ್ನು ಒತ್ತಿ ಏಳಿ. ಏಳುವಾಗ ಉಸಿರು ಬಿಡಿ. ಮೊಣಕಾಲು ಕಾಲ್ಬೆರಳಿನ ಆಚೆ ಹೋಗಲೇಬಾರದು ಎಂದು ಅನೇಕರು ಹೇಳುತ್ತಾರೆ, ಆ ಮಾತಿಗೆ ಹೆದರಬೇಡಿ. ಆಳಕ್ಕೆ ಇಳಿದರೆ ಮೊಣಕಾಲು ಮುಂದೆ ಹೋಗುವುದು ಸಹಜ. ನೋಡಬೇಕಾದದ್ದು ಬೇರೆ: ಮೊಣಕಾಲು ಕಾಲ್ಬೆರಳಿನ ದಿಕ್ಕಿನಲ್ಲೇ ಹೋಗುತ್ತಿದೆಯೇ, ಒಳಗೆ ವಾಲುತ್ತಿದೆಯೇ? ವಾಲಿದರೆ ಮೊಣಕಾಲಿನ ಸ್ವಲ್ಪ ಮೇಲೆ ಹಳೇ ಟವೆಲ್ ಸಡಿಲವಾಗಿ ಕಟ್ಟಿ, ಅದು ಬಿಗಿಯಾಗುವಂತೆ ಹೊರಕ್ಕೆ ಒತ್ತುತ್ತ ಅಭ್ಯಾಸ ಮಾಡಿ.

ಹಿಮ್ಮಡಿ ಮೇಲೇಳುತ್ತಿದ್ದರೆ ಸಾಮಾನ್ಯವಾಗಿ ಪಾದದ ಕೀಲು ಬಿಗಿಯಾಗಿದೆ ಎಂದರ್ಥ. ಹೀಗೆ ಪರೀಕ್ಷಿಸಿ: ಗೋಡೆಯಿಂದ ಹೆಬ್ಬೆರಳನ್ನು 10 ಸೆಂ.ಮೀ. ದೂರ ಇಟ್ಟು, ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ಮುಟ್ಟಿಸಿ. ಮುಟ್ಟದಿದ್ದರೆ ಹಿಮ್ಮಡಿಯ ಕೆಳಗೆ ಎರಡು ಸೆಂ.ಮೀ. ದಪ್ಪದ ಹಲಗೆ ಇಟ್ಟು ವ್ಯಾಯಾಮ ಮಾಡಿ. ಗೋಡೆಯ ಈ ಪರೀಕ್ಷೆಯನ್ನೇ ದಿನಕ್ಕೆ ಒಂದೊಂದು ಕಾಲಿಗೆ ಹತ್ತು ಸಲ ಮಾಡುತ್ತ ಹೋದರೆ ಕೀಲು ನಿಧಾನವಾಗಿ ಸಡಿಲಾಗುತ್ತದೆ. ಗರಡಿಯ ಬಸ್ಕಿಯಲ್ಲಿ ಹಿಮ್ಮಡಿ ಎತ್ತಿ ಬೆರಳ ಮೇಲೆ ಕೂರುತ್ತಾರಲ್ಲ, ಆ ಪದ್ಧತಿ ತಪ್ಪಲ್ಲ. ಆದರೆ ಅದು ಮೊಣಕಾಲಿನ ಮೇಲೆ ಹೆಚ್ಚು ಹೊರೆ ಹಾಕುತ್ತದೆ. ಪಾದ ಪೂರ್ತಿ ಊರಿ ಹದಿನೈದು ಸಲ ಸಲೀಸಾಗಿ ಮಾಡುವ ತನಕ ಅದನ್ನು ಮುಟ್ಟಬೇಡಿ.

ಸುಲಭದಿಂದ ಕಷ್ಟಕ್ಕೆ ಹೋಗುವ ಮೆಟ್ಟಿಲುಗಳು ಹೀಗಿವೆ: ಕುರ್ಚಿಗೆ ಕೂತು ಏಳುವುದು, ಕುರ್ಚಿಗೆ ತಾಗಿಸಿ ಏಳುವುದು, ಗಿಡ್ಡ ಮಣೆಗೆ ತಾಗಿಸಿ ಏಳುವುದು, ಆಸರೆಯಿಲ್ಲದೆ ಕೂತೇಳುವುದು, ಕೆಳಗೆ ಮೂರು ಸೆಕೆಂಡ್ ನಿಂತು ಏಳುವುದು.

2. ಟೊಂಕದಿಂದ ಬಾಗುವುದು

ಆರರಲ್ಲಿ ಅತಿ ಹೆಚ್ಚು ಜನ ತಪ್ಪು ಮಾಡುವ ಚಲನೆ ಇದು. ದಿನನಿತ್ಯದ ಬದುಕಿಗೆ ಅತಿ ಹೆಚ್ಚು ಬೇಕಾದದ್ದೂ ಇದೇ. ಹೊಲದಲ್ಲಿ ಕಳೆ ತೆಗೆಯುವಾಗ, ಕೊಡ ಎತ್ತುವಾಗ, ಗ್ಯಾಸ್ ಸಿಲಿಂಡರ್ ಸರಿಸುವಾಗ ನಾವು ಬಾಗುತ್ತೇವೆ. ಬೆನ್ನನ್ನು ಮಡಚಿ ಬಾಗುತ್ತೇವೆಯೋ ಟೊಂಕದ ಕೀಲನ್ನು ಮಡಚಿ ಬಾಗುತ್ತೇವೆಯೋ ಎಂಬುದರ ಮೇಲೆ ಭಾರ ಎಲ್ಲಿ ಬೀಳುತ್ತದೆ ಎಂಬುದು ನಿಂತಿದೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಅಥವಾ ಹುಬ್ಬಳ್ಳಿಯ ಎಪಿಎಂಸಿಯಲ್ಲಿ ನುರಿತ ಹಮಾಲರು ಚೀಲಕ್ಕೆ ಕೈ ಹಾಕುವುದನ್ನು ಹತ್ತಿರದಿಂದ ನೋಡಿ. ಮೊದಲು ಚೀಲವನ್ನು ಕಾಲಿಗೆ ಒತ್ತಿ ತಂದುಕೊಳ್ಳುತ್ತಾರೆ, ಆಮೇಲೆ ಪೃಷ್ಠವನ್ನು ಹಿಂದಕ್ಕೆ ಸರಿಸಿ ಕಾಲಿನ ಬಲದಿಂದ ಮೇಲೇಳುತ್ತಾರೆ. ಚೀಲ ಮೈಯಿಂದ ದೂರವಿದ್ದಷ್ಟೂ ಕೆಳಬೆನ್ನು ಹೆಚ್ಚು ದುಡಿಯಬೇಕು. ಅವರ ಮೈಗೆ ಅದು ಗೊತ್ತು.

ಕಲಿಯುವ ಕ್ರಮ ಹೀಗೆ. ಗೋಡೆಗೆ ಬೆನ್ನು ಮಾಡಿ, ಹಿಮ್ಮಡಿ ಗೋಡೆಯಿಂದ ಒಂದು ಗೇಣು ದೂರ ಇರುವಂತೆ ನಿಲ್ಲಿ. ಮೊಣಕಾಲು ಸ್ವಲ್ಪ ಸಡಿಲಿಸಿ. ಕೈಯನ್ನು ಎದೆಗೆ ಕಟ್ಟಿ, ಪೃಷ್ಠವನ್ನು ನೇರ ಹಿಂದಕ್ಕೆ ತಳ್ಳಿ ಗೋಡೆಗೆ ಮುಟ್ಟಿಸಿ. ಎದೆ ತಾನಾಗಿ ಮುಂದೆ ಬಾಗುತ್ತದೆ, ನೀವು ಬಗ್ಗಿಸಬೇಕಿಲ್ಲ. ತೊಡೆಯ ಹಿಂಭಾಗ ಜಗ್ಗಿದಂತಾದರೆ ಸರಿ ಬಂದಿದೆ. ಪೃಷ್ಠ ಬಿಗಿ ಹಿಡಿದು ನೆಟ್ಟಗಾಗಿ. ಹತ್ತು ಸಲ ಸರಾಗವಾಗಿ ಬಂದರೆ ಹಿಮ್ಮಡಿಯನ್ನು ಇನ್ನೆರಡು ಬೆರಳು ಮುಂದೆ ಸರಿಸಿ.

ಬೆನ್ನು ನೇರ ಇದೆಯೋ ಇಲ್ಲವೋ ತಿಳಿಯಲು ಪೊರಕೆಯ ಕೋಲೋ ಬಿದಿರು ಕೋಲೋ ಸಾಕು. ಅದನ್ನು ಬೆನ್ನೆಲುಬಿನ ಉದ್ದಕ್ಕೆ ಹಿಡಿಯಿರಿ. ತಲೆಯ ಹಿಂಭಾಗ, ಬೆನ್ನಿನ ಮೇಲ್ಭಾಗ, ಟೊಂಕದ ತಳದ ಎಲುಬು, ಈ ಮೂರು ಕಡೆ ಅದು ತಾಗಿರಬೇಕು. ಬಾಗುವಾಗ ಕೆಳಗಿನದು ಬಿಟ್ಟರೆ ಬೆನ್ನು ಗೂನಾಗಿದೆ, ತಲೆಯದು ಬಿಟ್ಟರೆ ಕುತ್ತಿಗೆ ಮುಂದೆ ಚಾಚಿದೆ. ಎಲ್ಲಿ ಬಿಡುತ್ತದೋ ಅಲ್ಲಿಗೆ ಆ ದಿನದ ಮಿತಿ.

ಜೊತೆಗೆ ನೆಲದ ಸೇತುವೆ ಮಾಡಿ. ಅಂಗಾತ ಮಲಗಿ, ಮೊಣಕಾಲು ಮಡಚಿ, ಪೃಷ್ಠ ಎತ್ತಿ ಭುಜದಿಂದ ಮೊಣಕಾಲಿನವರೆಗೆ ಒಂದೇ ಗೆರೆಯಾಗುವಂತೆ ಮೂರು ಸೆಕೆಂಡ್ ಹಿಡಿಯಿರಿ. ತೊಡೆಯ ಹಿಂಭಾಗ ಹಿಡಿದುಕೊಂಡರೆ ಹಿಮ್ಮಡಿ ದೂರವಾಗಿದೆ, ಪೃಷ್ಠದ ಹತ್ತಿರಕ್ಕೆ ತನ್ನಿ. ಕೆಳಬೆನ್ನಿಗೆ ಬಿಗಿತ ಬಂದರೆ ಹೆಚ್ಚು ಎತ್ತಿದ್ದೀರಿ, ಪಕ್ಕೆಲುಬು ತಗ್ಗಿಸಿ. ಹದಿನೈದು ಸಲ ಸುಲಭವಾದರೆ ಒಂದೇ ಕಾಲಲ್ಲಿ ಮಾಡಿ. ಮುಂದಿನ ಮೆಟ್ಟಿಲು ಒಂಟಿಗಾಲಲ್ಲಿ ನಿಂತು, ಇನ್ನೊಂದು ಕಾಲನ್ನು ಹಿಂದಕ್ಕೆ ಚಾಚುತ್ತ ಬಾಗುವುದು. ಆರಂಭದಲ್ಲಿ ಒಂದು ಕೈ ಗೋಡೆಯ ಮೇಲಿರಲಿ.

3. ಒಂಟಿಗಾಲಿನ ಕೆಲಸ

ಮುಂದೆ ಹೆಜ್ಜೆ ಇಡುವುದಕ್ಕಿಂತ ಹಿಂದೆ ಹೆಜ್ಜೆ ಇಟ್ಟು ಇಳಿಯುವುದು ಮೊಣಕಾಲಿಗೆ ಹಗುರ. ಒಂದು ಕಾಲನ್ನು 60-70 ಸೆಂ.ಮೀ. ಹಿಂದೆ ಇಟ್ಟು, ಹಿಂದಿನ ಮೊಣಕಾಲು ನೆಲಕ್ಕೆ ನಾಲ್ಕು ಬೆರಳು ಇರುವಾಗ ನಿಂತು, ಮುಂದಿನ ಪಾದ ಒತ್ತಿ ಏಳಿ. ಎರಡು ಪಾದಗಳು ಒಂದೇ ಗೆರೆಯ ಮೇಲಿದ್ದರೆ ಓಲಾಡುತ್ತೀರಿ. ನಡುವೆ ಒಂದು ಗೇಣು ಅಗಲ ಬಿಡಿ. ಇದೂ ಕಷ್ಟವೆನಿಸಿದರೆ ಮೆಟ್ಟಿಲು ಏರಿ ಇಳಿಯಿರಿ: ಮನೆಯ ಮೆಟ್ಟಿಲು, ಬಳಿಕ ಮೊಣಕಾಲಿನೆತ್ತರದ ಕಟ್ಟೆ. ಕೆಳಗಿನ ಕಾಲಿನಿಂದ ಪುಟಿದು ಏರುವುದು ಮೋಸ, ಮೇಲಿನ ಕಾಲೇ ಎತ್ತಬೇಕು. ಇಳಿಯುವಾಗ ಧಪ್ಪನೆ ಬೀಳಬೇಡಿ. ಹುಬ್ಬಳ್ಳಿಯವರು ನೃಪತುಂಗ ಬೆಟ್ಟ ಹತ್ತುವುದನ್ನು ವಾರಕ್ಕೊಮ್ಮೆ ಇದಕ್ಕೆ ಸೇರಿಸಿಕೊಳ್ಳಬಹುದು.

4. ದಬ್ಬುವುದು

ನೆಲದ ಮೇಲೆ ಪೂರ್ತಿ ಪುಷ್‌ಅಪ್ ಮಾಡುವಾಗ ಕೈಗಳ ಮೇಲೆ ಬೀಳುವುದು ಮೈತೂಕದ ಸುಮಾರು 64 ಪ್ರತಿಶತ. ಮೊಣಕಾಲೂರಿದರೆ ಸುಮಾರು 49. ಕೈಯನ್ನು 60 ಸೆಂ.ಮೀ. ಎತ್ತರದಲ್ಲಿ ಇಟ್ಟರೆ 41, 30 ಸೆಂ.ಮೀ. ಎತ್ತರದಲ್ಲಿ ಇಟ್ಟರೆ 55. ಅಂದರೆ 60 ಕೆ.ಜಿ. ತೂಕದವರು ನೆಲದ ಮೇಲೆ 38 ಕೆ.ಜಿ.ಯಷ್ಟು, ಎತ್ತರದ ಕಟ್ಟೆಯ ಮೇಲೆ ಕೈ ಇಟ್ಟರೆ 25 ಕೆ.ಜಿ.ಯಷ್ಟು ದಬ್ಬುತ್ತಾರೆ. ಈ ಲೆಕ್ಕ ಗೊತ್ತಿದ್ದರೆ ಮೊದಲ ದಿನವೇ ನೆಲಕ್ಕೆ ಬಿದ್ದು ಎರಡು ಅರೆಬರೆ ದಂಡ ಹೊಡೆದು ಕೈಚೆಲ್ಲುವ ಪ್ರಮೇಯ ಬರುವುದಿಲ್ಲ. ಮೊಣಕಾಲೂರುವುದಕ್ಕಿಂತ ಕೈಯನ್ನು ಎತ್ತರದಲ್ಲಿ ಇಡುವುದನ್ನೇ ನಾವು ಆರಿಸುತ್ತೇವೆ. ಮೈಯೆಲ್ಲ ಒಂದು ಗೆರೆಯಾಗಿ ಕೆಲಸ ಮಾಡುವುದನ್ನು ಅದು ಮೊದಲಿನಿಂದಲೇ ಕಲಿಸುತ್ತದೆ, ಎತ್ತರವನ್ನು ಸ್ವಲ್ಪ ಸ್ವಲ್ಪವೇ ಇಳಿಸಬಹುದು: ಗೋಡೆ, ಅಡುಗೆಮನೆಯ ಕಟ್ಟೆ, ಮಂಚದ ಅಂಚು, ಮೆಟ್ಟಿಲು, ನೆಲ.

ಅಂಗೈಗಳು ಭುಜಕ್ಕಿಂತ ಸ್ವಲ್ಪ ಅಗಲವಿರಲಿ, ಎದೆಯ ಮಟ್ಟದಲ್ಲಿರಲಿ. ಪೃಷ್ಠ, ಹೊಟ್ಟೆ ಬಿಗಿ. ಮೊಣಕೈ ಪಕ್ಕೆಯಿಂದ 30-45 ಡಿಗ್ರಿ ದೂರವಿರಬೇಕು. ಮೇಲಿನಿಂದ ನೋಡಿದರೆ ಕೈಗಳು ಬಾಣದ ತುದಿಯ ಆಕಾರದಲ್ಲಿ ಕಾಣಬೇಕು, ಅಡ್ಡಕ್ಕೆ ಪೂರ್ತಿ ಚಾಚಿದರೆ ಭುಜದ ಮುಂಭಾಗ ನೋಯುತ್ತದೆ. ಎದೆ ಮುಷ್ಟಿಯಷ್ಟು ಅಂತರಕ್ಕೆ ಇಳಿಯಬೇಕು. ಮೇಲೆ ಬಂದಾಗ ನೆಲವನ್ನು ಇನ್ನೊಂದಿಷ್ಟು ದೂರ ತಳ್ಳಿ, ಆಗ ಬೆನ್ನಿನ ರೆಕ್ಕೆ ಎಲುಬುಗಳು ಎರಡೂ ಕಡೆಗೆ ಸರಿಯುತ್ತವೆ. ಟೊಂಕ ಜೋತುಬಿದ್ದರೆ ಆ ಸುತ್ತು ಅಲ್ಲಿಗೇ ಮುಗಿಯಿತು, ಮತ್ತೊಂದು ಎಳೆಯಬೇಡಿ. ಮಣಿಕಟ್ಟು ನೋಯುವವರು ಎರಡು ಇಟ್ಟಿಗೆಗಳ ಮೇಲೆ ಟವೆಲ್ ಸುತ್ತಿ ಮುಷ್ಟಿಯಿಂದ ಹಿಡಿದು ಮಾಡಲಿ.

ದೇಸಿ ದಂಡ, ಅಂದರೆ ಪೃಷ್ಠ ಎತ್ತಿದ ಭಂಗಿಯಿಂದ ಎದೆಯನ್ನು ನೆಲಕ್ಕೆ ಸವರುತ್ತ ಮುಂದೆ ಹಾಯ್ದು ತಲೆ ಎತ್ತುವುದು, ನೆಲದ ಪುಷ್‌ಅಪ್ ಹತ್ತು ಸಲ ಶುದ್ಧವಾಗಿ ಬಂದ ಮೇಲೆ ಕಲಿಯಿರಿ. ಅದಕ್ಕೆ ಭುಜದ ಸಡಿಲತೆಯೂ ಬೆನ್ನು ಹಿಂದೆ ಬಾಗುವ ಅನುಕೂಲವೂ ಬೇಕು.

5. ಜಗ್ಗುವುದು

ಇದನ್ನೇ ಜನ ಬಿಟ್ಟುಬಿಡುವುದು, ಏಕೆಂದರೆ ಹಿಡಿಯಲು ಏನಾದರೂ ಬೇಕು. ಹುಡುಕಿದರೆ ಸಿಗುತ್ತದೆ. ಹಳೇ ಮನೆಯ ಪಡಸಾಲೆಯ ಕಂಬ, ಬೇವಿನ ಮರದ ಗಟ್ಟಿ ಟೊಂಗೆ, ಶಾಲೆ ಮೈದಾನದ ಕಬ್ಬಿಣದ ಕಂಬಿ, ಊರಿನ ಉದ್ಯಾನದಲ್ಲಿ ಇರುವ ಬಯಲು ವ್ಯಾಯಾಮಶಾಲೆ, ಯಾವುದಾದರೂ ಸರಿ. ಹಿಡಿಯುವ ಮುನ್ನ ನಿಮ್ಮ ಪೂರ್ತಿ ಭಾರ ಹಾಕಿ ಮೆಲ್ಲಗೆ ಜಗ್ಗಿ ನೋಡಿ. ಬಾಗಿಲಿನ ಹಿಡಿಕೆಯ ಸ್ಕ್ರೂ, ತಗಡಿನ ಶೆಡ್ಡಿನ ಪೈಪ್ ಇವನ್ನು ನಂಬಬೇಡಿ.

ಮೊದಲ ಮೆಟ್ಟಿಲು: ದಪ್ಪ ಚಾದರನ್ನು ಹಗ್ಗದಂತೆ ಹೊಸೆದು ಕಂಬದ ಸುತ್ತ ಎದೆಮಟ್ಟದಲ್ಲಿ ಹಾಕಿ, ಎರಡೂ ತುದಿ ಹಿಡಿಯಿರಿ. ಪಾದಗಳನ್ನು ಕಂಬದ ಹತ್ತಿರ ಇಟ್ಟು ಹಿಂದಕ್ಕೆ ವಾಲಿ. ಕೈ ಮಡಚುವ ಮುನ್ನ ರೆಕ್ಕೆ ಎಲುಬುಗಳನ್ನು ಹಿಂದಕ್ಕೂ ಕೆಳಕ್ಕೂ ಎಳೆಯಿರಿ, ಆಮೇಲೆ ಮೊಣಕೈಯನ್ನು ಪಕ್ಕೆಗೆ ಒಯ್ಯುತ್ತ ಎದೆಯನ್ನು ಕಂಬದ ಕಡೆ ತನ್ನಿ. ಎರಡು ಸೆಕೆಂಡ್ ಹಿಡಿದು, ಮೂರು ಸೆಕೆಂಡಿನಲ್ಲಿ ಹಿಂದಕ್ಕೆ ಬಿಡಿ. ಪಾದ ಕಂಬದ ಬುಡಕ್ಕೆ ಹತ್ತಿರವಾದಷ್ಟೂ ವಾಲು ಹೆಚ್ಚುತ್ತದೆ, ಕೆಲಸವೂ ಹೆಚ್ಚುತ್ತದೆ.

ಕಂಬವಿಲ್ಲದ ಫ್ಲ್ಯಾಟಿನವರು ಚಾದರಿನ ಒಂದು ತುದಿಗೆ ದೊಡ್ಡ ಗಂಟು ಹಾಕಿ ಗಟ್ಟಿ ಬಾಗಿಲಿನ ಮೇಲಂಚಿನಿಂದ ಆಚೆ ಬಿಟ್ಟು ಬಾಗಿಲು ಮುಚ್ಚಿ ಚಿಲಕ ಹಾಕಿ. ನೀವು ಜಗ್ಗಿದಾಗ ಬಾಗಿಲು ಮುಚ್ಚಿಕೊಳ್ಳುವ ಕಡೆ ನಿಲ್ಲಬೇಕು, ತೆರೆದುಕೊಳ್ಳುವ ಕಡೆ ಖಂಡಿತ ಬೇಡ. ಮನೆಯವರಿಗೆ ಹೇಳಿಯೇ ಮಾಡಿ.

ಎರಡನೆಯದು, ಟೊಂಕದೆತ್ತರದ ಕಂಬಿಯ ಕೆಳಗೆ ಅಂಗಾತ ಜೋತು, ಮೈಯನ್ನು ಹಲಗೆಯಂತೆ ನೇರ ಇಟ್ಟು ಎದೆಯನ್ನು ಕಂಬಿಗೆ ತರುವುದು. ಮೊಣಕಾಲು ಮಡಚಿದರೆ ಸುಲಭ, ಕಾಲು ಚಾಚಿದರೆ ಕಷ್ಟ. ಗದ್ದ ಚಾಚಿ ಕಂಬಿ ಮುಟ್ಟಿಸುವುದು ಸಾಮಾನ್ಯ ತಪ್ಪು. ಕಂಬಿಗೆ ತಾಗಬೇಕಾದದ್ದು ಎದೆ.

ಮೂರನೆಯದು ಜೋತಾಡುವುದು. ಎತ್ತರದ ಕಂಬಿಗೆ 10 ಸೆಕೆಂಡಿನಿಂದ ಶುರು ಮಾಡಿ 30 ಸೆಕೆಂಡಿಗೆ ಬನ್ನಿ. ಬಳಿಕ ಕೈ ಮಡಚದೆ ಭುಜವನ್ನಷ್ಟೇ ಕಿವಿಯಿಂದ ಕೆಳಕ್ಕೆ ಎಳೆಯುವುದು, ಎಂಟು ಸಲ. ಆಮೇಲೆ ಮಣೆ ಹತ್ತಿ ಗದ್ದ ಕಂಬಿಯ ಮೇಲಿರುವಂತೆ ನಿಂತು, ಕಾಲು ಬಿಟ್ಟು ಐದು ಸೆಕೆಂಡಿನಲ್ಲಿ ಇಳಿಯುವುದು, ಮೂರರಿಂದ ಐದು ಸಲ. ಈ ಇಳಿತ ಪಳಗಿದವರಿಗೆ ಪುಲ್‌ಅಪ್, ಅಂದರೆ ಜೋತುಬಿದ್ದು ಗದ್ದ ಕಂಬಿಯ ಮೇಲೆ ಬರುವಂತೆ ಮೈ ಎತ್ತುವುದು, ದೂರವಿಲ್ಲ. ಆತುರ ಬೇಡ. ಆರು ತಿಂಗಳು ಹಿಡಿದರೂ ಅದು ಸಹಜ.

6. ನಡು ಬಿಗಿ ಹಿಡಿಯುವುದು

ಕೆಮ್ಮಿದಾಗ ಹೊಟ್ಟೆಯ ಸುತ್ತ ಬರುವ ಬಿಗಿ ಇದೆಯಲ್ಲ, ಅದನ್ನೇ ಉಸಿರಾಡುತ್ತ ಉಳಿಸಿಕೊಳ್ಳುವುದು ಇಲ್ಲಿನ ಕೆಲಸ. ಮುಂಗೈ ಊರಿದ ಪ್ಲ್ಯಾಂಕ್, ಅಂದರೆ ಮುಂಗೈ ಮತ್ತು ಕಾಲ್ಬೆರಳ ಮೇಲೆ ಮೈಯನ್ನು ಹಲಗೆಯಂತೆ ನೇರ ಹಿಡಿಯುವುದು, 20 ಸೆಕೆಂಡಿನಿಂದ 45 ಸೆಕೆಂಡ್ ಸಾಕು. ಟೊಂಕ ಜೋತುಬಿಟ್ಟು ಮೂರು ನಿಮಿಷ ಹಿಡಿಯುವುದಕ್ಕಿಂತ ಪೃಷ್ಠ ಒಳಕ್ಕೆ ಮಡಚಿ 20 ಸೆಕೆಂಡ್ ಹಿಡಿಯುವುದು ಮೇಲು. ಪಕ್ಕಕ್ಕೆ ತಿರುಗಿ ಒಂದು ಮುಂಗೈ ಮೇಲೆ 15-30 ಸೆಕೆಂಡ್, ಎರಡೂ ಬದಿ. ಇನ್ನೊಂದು: ಒಂದೇ ಕೈಯಲ್ಲಿ ತುಂಬಿದ 10 ಲೀಟರ್ ಬಕೆಟ್ ಹಿಡಿದು, ಮೈ ವಾಲದಂತೆ 20 ಮೀಟರ್ ನಡೆದು ಕೈ ಬದಲಿಸಿ. ನಲ್ಲಿ ನೀರು ಬಂದ ದಿನ ಮನೆಗೂ ಆಯಿತು, ಮೈಗೂ ಆಯಿತು.

ವಾರದ ಲೆಕ್ಕ

ಸೋಮವಾರ, ಬುಧವಾರ, ಶುಕ್ರವಾರ. ಒಂದೇ ಸ್ನಾಯುವಿಗೆ ಎರಡು ಸರದಿಯ ನಡುವೆ 48 ತಾಸು ಸಿಗಲಿ. ಮೊದಲ ಎರಡು ವಾರ ಪ್ರತಿ ಚಲನೆಗೆ ಎರಡು ಸುತ್ತು, ಮೂರನೇ ವಾರದಿಂದ ಮೂರು ಸುತ್ತು. ಮೇಲೆ ಬೇರೆ ಎಣಿಕೆಯನ್ನೋ ಸೆಕೆಂಡನ್ನೋ ಹೇಳಿರದ ಕಡೆ ಸುತ್ತಿಗೆ 6ರಿಂದ 12 ಸಲ. ಹೊತ್ತು ಉಳಿಸಲು ಜೋಡಿ ಮಾಡಿಕೊಳ್ಳಿ: ಕೂತೇಳುವುದರ ಜೊತೆ ಜಗ್ಗುವುದು, ಟೊಂಕದ ಕೆಲಸದ ಜೊತೆ ದಬ್ಬುವುದು, ಒಂಟಿಗಾಲಿನ ಜೊತೆ ನಡುವಿನ ಬಿಗಿ. ಒಂದು ಮುಗಿಸಿ 60 ಸೆಕೆಂಡ್ ಬಿಟ್ಟು ಜೋಡಿಯದನ್ನು ಮಾಡಿ. ಎಲ್ಲ ಸೇರಿ 40-45 ನಿಮಿಷ.

ಇನ್ನೆರಡು ಸಲ ಮಾಡುವಷ್ಟು ಕಸುವು ಉಳಿದಿರುವಾಗಲೇ ಸುತ್ತು ನಿಲ್ಲಿಸಿ. ಮೂರು ಸುತ್ತಿನಲ್ಲೂ 12 ಶುದ್ಧವಾಗಿ ಬಂದರೆ ಮುಂದಿನ ಮೆಟ್ಟಿಲಿಗೆ ಹೋಗಿ, ಅಲ್ಲಿ 6ರಿಂದ ಮತ್ತೆ ಶುರು. ಎಣಿಕೆಯನ್ನು ಹಳೇ ನೋಟ್‌ಬುಕ್‌ನಲ್ಲಿ ದಿನಾಂಕದೊಂದಿಗೆ ಬರೆದಿಡಿ. ನೆನಪನ್ನು ನಂಬಿದರೆ ಎರಡೇ ವಾರದಲ್ಲಿ ಲೆಕ್ಕ ತಪ್ಪುತ್ತದೆ.

ಊಟದ ವಿಷಯ ಚುಟುಕಾಗಿ: ದಿನಕ್ಕೆ ಮೈತೂಕದ ಪ್ರತಿ ಕೆ.ಜಿ.ಗೆ 1.2ರಿಂದ 1.6 ಗ್ರಾಂ ಪ್ರೋಟೀನ್ ಗುರಿ ಇಟ್ಟುಕೊಳ್ಳಿ. 100 ಗ್ರಾಂ ಒಣ ಕಾಳಿನಲ್ಲಿ 20 ಗ್ರಾಂ ಮೇಲ್ಪಟ್ಟು, 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ, ಒಂದು ತತ್ತಿಯಲ್ಲಿ 6 ಗ್ರಾಂ ಇರುತ್ತದೆ. ಜೋಳದ ರೊಟ್ಟಿಯ ಜೊತೆ ಮಡಕಿ ಕಾಳಿನ ಪಲ್ಯ, ಝುಣಕ, ಶೇಂಗಾ ಹಿಂಡಿ, ಗಟ್ಟಿ ಮೊಸರು ಇದ್ದರೆ ಪುಡಿ ಡಬ್ಬಿ ಕೊಳ್ಳುವ ಅಗತ್ಯ ಬಹುತೇಕರಿಗೆ ಇಲ್ಲ. ಪಲ್ಯದ ಪ್ರಮಾಣ ಮಾತ್ರ ರೊಟ್ಟಿಗೆ ಹಚ್ಚಿಕೊಳ್ಳುವಷ್ಟಲ್ಲ, ಬಟ್ಟಲು ತುಂಬ ಇರಬೇಕು.

ನೋವು, ಅಪಾಯ

ವ್ಯಾಯಾಮದ ಮರುದಿನ ಸ್ನಾಯು ಹಿಡಿದುಕೊಳ್ಳುವುದು ಸಹಜ. 24ರಿಂದ 72 ತಾಸಿನೊಳಗೆ ಅದು ಜೋರಾಗಿ ಆಮೇಲೆ ಇಳಿಯುತ್ತದೆ. ಕೀಲಿನೊಳಗೆ ಚುಚ್ಚುವ ನೋವು, ಊತ, ಕೈಕಾಲಿಗೆ ಜೋಮು ಅಥವಾ ವಿದ್ಯುತ್ ಹರಿದಂಥ ನೋವು ಇವು ಬೇರೆ. ಅಂಥದ್ದು ಕಂಡರೆ ಆ ಚಲನೆ ನಿಲ್ಲಿಸಿ. ಒಂದು ಮೆಟ್ಟಿಲು ಹಿಂದೆ ಬಂದರೂ ಒಂದು ವಾರದಲ್ಲಿ ಹೋಗದಿದ್ದರೆ ಡಾಕ್ಟರ್ ಅಥವಾ ಫಿಸಿಯೋಥೆರಪಿಸ್ಟ್ ಹತ್ತಿರ ತೋರಿಸಿ.

ಇನ್ನೊಂದು ವಿಷಯವನ್ನು ಒತ್ತಿ ಹೇಳಲೇಬೇಕು. ಪಂಥ ಕಟ್ಟಿ ಮೊದಲ ದಿನವೇ ಇನ್ನೂರು, ಮುನ್ನೂರು ಬಸ್ಕಿ ಹೊಡೆಯುವುದು, ಹುಡುಗರಿಗೆ ಶಿಕ್ಷೆಯಾಗಿ ಬಸ್ಕಿ ಹೊಡೆಸುವುದು ನಿಜಕ್ಕೂ ಅಪಾಯ. ರೂಢಿಯಿಲ್ಲದ ಸ್ನಾಯು ಆ ಪಾಟಿ ದುಡಿದರೆ ಅದರ ಜೀವಕೋಶಗಳು ಒಡೆದು ಒಳಗಿನ ಅಂಶ ರಕ್ತಕ್ಕೆ ಸೇರುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಬಿಸಿಲಲ್ಲಿ, ನೀರು ಕುಡಿಯದೆ ಮಾಡಿದರೆ ಇನ್ನೂ ಕೆಟ್ಟದ್ದು. ತೊಡೆ ಬಾತು ವಿಪರೀತ ನೋವು, ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗುವುದು ಇದರ ಗುರುತು. ಇವು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ, ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಿ, ಎಷ್ಟು ಬಸ್ಕಿ ಹೊಡೆದಿರಿ ಎಂಬುದನ್ನು ಡಾಕ್ಟರಿಗೆ ತಪ್ಪದೆ ಹೇಳಿ.